ಮೊದಲೇ ಹೊದಿಸಿದ ಶಾಲು

ಕುಶಲ ಕರ್ಕೇರ ಬಹರೈನಿಗೆ ಬಂದದ್ದು ಫುಟ್‌ಬಾಲ್ ಕಲಿಸುವುದಕ್ಕೆ. ಆದರೆ ಅವನ ಗುರುತಿನ ಕಾರ್ಡಿನಲ್ಲಿ ಬರೆದದ್ದು ಮಾಲಿ ಎಂದು. 1992ರಲ್ಲಿ ಜುಫೈರಿನ ಒಂದು ಖಾಸಗಿ ಕಾಲೇಜು ಅವನನ್ನು ಅಸಿಸ್ಟೆಂಟ್ ಕೋಚ್ ಎಂದು ಆರಿಸಿಕೊಂಡಾಗ ಅವರ ಕೈಯಲ್ಲಿ ಖಾಲಿ ಇದ್ದ ವೀಸಾ ಅದೊಂದೇ. "ಸದ್ಯಕ್ಕೆ ಇದರಲ್ಲಿ ಬಾ, ಆರು ತಿಂಗಳಲ್ಲಿ ಬದಲಾಯಿಸೋಣ" ಎಂದು ಕರೆಸಿಕೊಂಡರು. ಈ 'ಸದ್ಯಕ್ಕೆ' ಎಂಬ ಮಾತನ್ನು ನಂಬಿ ಗಲ್ಫಿಗೆ ಹೋದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಮನಾಮಾದ ಪೇಟೆಯಿಂದ ವಿಮಾನ ನಿಲ್ದಾಣದವರೆಗೆ ಬಂದಾರು. ಕುಶಲನ ಸದ್ಯಕ್ಕೆ ಆರು ವರ್ಷ ನಡೆಯಿತು.

ಅವನು ಮಂಗಳೂರಿನ ಬೆಂಗ್ರೆಯವನು. ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಆ ಮರಳಿನ ಪಟ್ಟಿಯಲ್ಲಿ ಮಕ್ಕಳು ನೆಟ್ಟಗೆ ನಡೆಯುವ ಮೊದಲೇ ಚೆಂಡಿಗೆ ಒದೆಯುತ್ತಾರೆ. ಕುಶಲ ಜಿಲ್ಲಾ ತಂಡಕ್ಕೆ ನಾಲ್ಕು ವರ್ಷ ಆಡಿದ. ಮೊಣಕಾಲು ಕೈಕೊಟ್ಟ ಮೇಲೆ ಬೆಂಗಳೂರಿಗೆ ಹೋಗಿ ತರಬೇತುದಾರನ ಸರ್ಟಿಫಿಕೇಟು ಮಾಡಿಕೊಂಡು ಬಂದ. ಅಷ್ಟೆಲ್ಲ ಮಾಡಿ ಕೊನೆಗೆ ಸಿಕ್ಕಿದ್ದು ಮಾಲಿ ಎಂಬ ಬಿರುದು. ಹಾಗೆಂದು ಅದು ಪೂರ್ತಿ ಸುಳ್ಳೂ ಅಲ್ಲ. ಅಲ್ಲಿಯ ಬಿಸಿಲಿಗೆ ಮೈದಾನದ ಹುಲ್ಲು ದಿನಕ್ಕೆರಡು ಸಲ ನೀರು ಕೇಳುತ್ತಿತ್ತು, ಪೈಪು ಹಿಡಿಯುವವನು ಬೇರೆ ಯಾರೂ ಇಲ್ಲದ್ದರಿಂದ ಅವನೇ ಹಿಡಿಯುತ್ತಿದ್ದ.

ಪೈಪು ಹಿಡಿಯುವುದಕ್ಕೆ ಅವನಿಗೆ ನಾಚಿಕೆಯಿರಲಿಲ್ಲ. ಸಂಕಟ ಇದ್ದದ್ದು ಬೇರೆ ಕಡೆ. ಮಾಲಿಯ ಕಾರ್ಡಿಗೆ ಫ್ಯಾಮಿಲಿ ವೀಸಾ ಸಿಗುವುದಿಲ್ಲ. ಹೆಂಡತಿ ಉಷಾಲತಾ ಮಂಗಳೂರಿನಲ್ಲಿ, ಇವನು ಇಲ್ಲಿ. ಮದುವೆಯಾಗಿ ಆರೂವರೆ ವರ್ಷದಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಹದಿಮೂರು ತಿಂಗಳು. ಮಗಳು ತೃಷಾಳಿಗೆ ಐದು ವರ್ಷ ತುಂಬಿತ್ತು. ಅವಳ ಪಾಲಿಗೆ ಅಪ್ಪ ಎಂದರೆ ಶುಕ್ರವಾರ ಬೆಳಿಗ್ಗೆ ಫೋನಿನಲ್ಲಿ ಬರುವ ಒಂದು ದನಿ.

ಕಾರ್ಡಿನಲ್ಲಿ ಮಾಲಿ ಹೋಗಿ ಅಸಿಸ್ಟೆಂಟ್ ಕೋಚ್ ಎಂದು ಬರಬೇಕಾದರೆ ಕಾಲೇಜಿನ ಒಂದು ಶಿಫಾರಸು ಫಾರಂ ಬೇಕಿತ್ತು. ಫಾರಮಿನಲ್ಲಿ ಎರಡು ಷರತ್ತು. ಸೀಸನ್ ಮುಗಿದ ದಿನ ಹೆಡ್ ಕೋಚ್ ಆಗಿರುವವರು ಅದಕ್ಕೆ ಸಹಿ ಹಾಕಬೇಕು. ಹಾಗೆ ಸಹಿ ಹಾಕುವವರು ಆ ನೌಕರನ ಕೆಲಸವನ್ನು ಅಕ್ಟೋಬರಿನಿಂದ ಮೇ ತನಕ ಇಡೀ ಸೀಸನ್ ಕಣ್ಣಾರೆ ಕಂಡಿರಬೇಕು. ಎಷ್ಟು ನ್ಯಾಯವಾದ ಷರತ್ತು! ಯಾರು ತಾನೇ ತಪ್ಪು ಹೇಳಿಯಾರು? ತೊಡಕು ಇಷ್ಟೇ: ಆ ಕಾಲೇಜಿನಲ್ಲಿ ಒಬ್ಬನೇ ಒಬ್ಬ ಹೆಡ್ ಕೋಚ್ ಅಕ್ಟೋಬರಿನಿಂದ ಮೇ ತನಕ ಉಳಿದದ್ದಿಲ್ಲ.

ಕಾಲೇಜಿನ ಚೇರ್‌ಮನ್ ಟಯರ್ ವ್ಯಾಪಾರದಲ್ಲಿ ದುಡ್ಡು ಮಾಡಿದವರು, ಕೋಚುಗಳನ್ನು ಬದಲಾಯಿಸುವುದೂ ಅವರಿಗೆ ಟಯರ್ ಬದಲಾಯಿಸಿದಷ್ಟೇ ಸಲೀಸು. ಎರಡು ಪಂದ್ಯ ಸೋತರೆ ಸಾಕು, ಗಾಳಿ ಹೋಗಿದೆ ಎನ್ನುತ್ತಿದ್ದರು. ಮೊದಲನೆಯವನು ಇಂಗ್ಲೆಂಡಿನವನು, ಸೆಪ್ಟೆಂಬರಿನಲ್ಲಿ ಬಂದು ಫೆಬ್ರವರಿಯಲ್ಲಿ ಹೋದ. ಎರಡನೆಯವನು ಮಾರ್ಚಿನಲ್ಲಿ ಬಂದು ಡಿಸೆಂಬರಿನಲ್ಲಿ ಹೋದ. ಹತ್ತು ತಿಂಗಳು ಇದ್ದರೂ ಅವನು ಕಂಡದ್ದು ಒಂದು ಸೀಸನ್ನಿನ ಬಾಲ, ಇನ್ನೊಂದರ ತಲೆ. ಈಜಿಪ್ಟಿನಿಂದ ಬಂದ ನಾಲ್ಕನೆಯವನು ಬಹಳ ಒಳ್ಳೆಯವನು, ಫಾರಮನ್ನು ತಾನೇ ತುಂಬಿಸಿಟ್ಟು "ಮೇ ಬರಲಿ, ಕೂಡಲೇ ಸಹಿ" ಎಂದಿದ್ದ. ಏಪ್ರಿಲಿನಲ್ಲಿ ಒಂದು ಸೆಮಿಫೈನಲ್ ಸೋತು, ಸಹಿ ಹಾಕಬೇಕಿದ್ದ ಪೆನ್ನಿನ ಸಮೇತ ವಿಮಾನ ಹತ್ತಿದ. ಬ್ರೆಜಿಲಿನವನು ಇದ್ದದ್ದು ಐದೇ ವಾರ. ಅವನ ಹೆಸರು ಕುಶಲನ ನಾಲಿಗೆಗೆ ಹೊಂದಿಕೊಳ್ಳುವಷ್ಟರಲ್ಲಿ ಅವನ ಸಾಮಾನು ಕಟ್ಟಿಯಾಗಿತ್ತು.

ಬಂದವರೆಲ್ಲ ಮೊದಲ ದಿನ ಹೇಳುವ ಮಾತು ಮಾತ್ರ ಒಂದೇ: "ಇಲ್ಲಿಯವರೆಗೆ ಕಲಿತದ್ದನ್ನೆಲ್ಲ ಮರೆತುಬಿಡಿ." ಹುಡುಗರು ಪಾಪ ಮರೆಯುತ್ತಿದ್ದರು. ಒಬ್ಬನು ನಾಲ್ಕು ಜನರನ್ನು ಹಿಂದೆ ನಿಲ್ಲಿಸಿದ, ಇನ್ನೊಬ್ಬನು ಮೂವರನ್ನು, ಮತ್ತೊಬ್ಬನು ಹಿಂದೆ ಯಾರೂ ಬೇಡ, ಎಲ್ಲರೂ ಮುಂದೆ ಓಡಿ ಎಂದ. ನಡುವೆ ಕೋಚ್ ಇಲ್ಲದ ಎರಡು ಮೂರು ವಾರ ಚೇರ್‌ಮನ್ನರು ಕಾರಿನ ಕಿಟಕಿ ಇಳಿಸಿ, "ಕುಶಲ್, ಸ್ವಲ್ಪ ನೋಡಿಕೋ" ಎನ್ನುತ್ತಿದ್ದರು. ಕುಶಲ ನೋಡಿಕೊಳ್ಳುತ್ತಿದ್ದ, ಗೆಲ್ಲಿಸಿಯೂ ಕೊಡುತ್ತಿದ್ದ. ಅಷ್ಟರಲ್ಲಿ ಹೊಸಬ ಬಂದು ಎಲ್ಲ ಮರೆತುಬಿಡಿ ಎನ್ನುತ್ತಿದ್ದ. ಅವನಿಗೆ ಮಂಡೆ ಬೆಚ್ಚ ಆಗದೆ ಇನ್ನೇನಾಗಬೇಕು?

ಕೊನೆಕೊನೆಗೆ ಅವನು ಕಾಲವನ್ನು ಅಳೆಯುವುದೂ ಹೀಗೆಯೇ ಆಗಿಹೋಯಿತು. ತೃಷಾ ಹುಟ್ಟಿದ್ದು ಮೊದಲನೆಯವನು ಹೋದ ವಾರ. ಅವಳು ನಡೆಯಲು ಕಲಿತದ್ದು ಮೂರನೆಯವನ ಕಾಲದಲ್ಲಿ. ಹಲ್ಲು ಬಿದ್ದದ್ದು ಏಳನೆಯವನ ಕಾಲದಲ್ಲಿ. ಫೋನ್ ಮಾಡಿದಾಗಲೆಲ್ಲ ಉಷಾಲತಾ ಊಟ ಆಯಿತಾ ಎಂದು ಕೇಳುವ ಮೊದಲು "ಸಹಿ ಆಯ್ತಾ?" ಎಂದು ಕೇಳುತ್ತಿದ್ದಳು. ಒಂದು ಸಲ ತೃಷಾಳೇ ಫೋನು ಕಿತ್ತುಕೊಂಡು, "ಪಪ್ಪ, ಈ ಕೋಚ್ ಸಹ ಓಡಿಹೋದ್ರಾ?" ಎಂದು ಕೇಳಿದಳು. ಕುಶಲನಿಗೆ ನಗು ಬಂತು. ಫೋನಿಟ್ಟ ಮೇಲೆ ಅಳುವೂ ಬಂತು.

ಕೋಚನ್ನು ಕಳಿಸುವುದಕ್ಕೂ ಆ ಕಾಲೇಜಿನಲ್ಲಿ ಒಂದು ಕ್ರಮವಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ಚೇರ್‌ಮನ್ನರಿಗೆ ಯಾರ ಮುಖ ನೋಡಿಯೂ ನಿಷ್ಠುರ ಹೇಳಿ ಅಭ್ಯಾಸವಿಲ್ಲ. ಹಾಗಾಗಿ ಒಂದು ಊಟ ಇಡುತ್ತಿದ್ದರು. ಊಟದ ಕೊನೆಗೆ ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ, ನಾಲ್ಕು ಒಳ್ಳೆಯ ಮಾತು. ಗಡಿಯಾರ ಕೈಗೆ ಬಂತೆಂದರೆ ಕೋಚ್ ತನ್ನ ಗಂಟೆ ಮುಗಿಯಿತೆಂದು ತಿಳಿದುಕೊಳ್ಳಬೇಕು, ಮರುದಿನ ರಾಜೀನಾಮೆ ಪತ್ರ ತಂದು ಮೇಜಿನ ಮೇಲಿಡಬೇಕು. ಆರು ಗಡಿಯಾರ, ಆರು ಹಣ್ಣಿನ ಬುಟ್ಟಿ, ಎಲ್ಲವನ್ನೂ ಪೇಟೆಯಿಂದ ತಂದವನು ಕುಶಲನೇ. ಕೊನೆಯ ಸಲ ಗಡಿಯಾರದಂಗಡಿಯವನು ಇವನ ಮುಖ ಕಂಡಕೂಡಲೇ ಏನೂ ಕೇಳದೆ ಒಂದನ್ನು ಕಟ್ಟಿಕೊಟ್ಟಿದ್ದ.

ಏಳನೆಯವನು ಎರಿಕ್. ಡೆನ್ಮಾರ್ಕಿನವನು, ಐವತ್ತು ದಾಟಿದವನು, ಮಾತು ಕಡಿಮೆ. 97ರ ಅಕ್ಟೋಬರಿನಲ್ಲಿ, ಸೀಸನ್ ಶುರುವಾಗುವ ವಾರವೇ ಬಂದ. ಮೊದಲ ದಿನ ಅವನು ಏನನ್ನೂ ಮರೆಯಲು ಹೇಳಲಿಲ್ಲ. ಬದಲಿಗೆ, "ಇಲ್ಲಿ ಯಾರಿಗೆ ಏನು ಗೊತ್ತು ಅಂತ ನೀವು ನನಗೆ ಹೇಳಿಕೊಡಿ" ಎಂದು ಕುಶಲನನ್ನು ಕೇಳಿದ. ಆ ವರ್ಷ ತಂಡ ಗೆಲ್ಲುತ್ತಾ ಹೋಯಿತು.

ಜುಫೈರಿನಲ್ಲಿ ಎರಿಕ್‌ನ ಫ್ಲ್ಯಾಟಿಗೆ ಹೋದರೆ ಎರಡು ಸೂಟ್‌ಕೇಸು ಕಟ್ಟಿದ ಹಾಗೆಯೇ ಇರುತ್ತಿದ್ದವು. ಅಂಗಿ ಬೇಕಾದರೆ ಅದರಿಂದಲೇ ತೆಗೆದು, ಒಗೆದು, ಮಡಚಿ ಅದಕ್ಕೇ ಹಾಕುತ್ತಿದ್ದ. ಏಳು ಊರು ನೋಡಿದವನಂತೆ, ಏಳರಿಂದಲೂ ಹೊರಗೆ ಹಾಕಿಸಿಕೊಂಡವನಂತೆ. ಮಾರ್ಚಿನಲ್ಲಿ ಒಂದು ಸಂಜೆ ಕುಶಲ ಹೋದಾಗ ಅಂಗಿಗಳೆಲ್ಲ ಕಪಾಟಿನಲ್ಲಿ ನೇತಾಡುತ್ತಿದ್ದವು. ಕುಶಲ ಅದನ್ನು ನೋಡಿ ಮನಸ್ಸಿನಲ್ಲೇ ಕೈಮುಗಿದ.

ಏಪ್ರಿಲ್ ಕೊನೆಗೆ, ಇನ್ನೂ ಒಂದು ಪಂದ್ಯ ಉಳಿದಿರುವಾಗಲೇ, ಕಾಲೇಜುಗಳ ಲೀಗ್ ಅವರದ್ದಾಯಿತು. ಮೈದಾನದಲ್ಲೇ ಎರಿಕ್ ಅವನ ಭುಜ ಹಿಡಿದು ಹೇಳಿದ: "ಮೇ ಇಪ್ಪತ್ತಕ್ಕೆ ಕೊನೆಯ ಪಂದ್ಯ. ಅದು ಮುಗಿದ ಕೂಡಲೇ ನಿಮ್ಮ ಫಾರಂ ತನ್ನಿ." ಆ ಶುಕ್ರವಾರ ಕುಶಲ ಉಷಾಲತಾಳಿಗೆ ಪಾಸ್‌ಪೋರ್ಟಿನ ಫೋಟೊ ತೆಗೆಸಲು ಹೇಳಿದ. ಮೂರು ವಾರ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಸುಮ್ಮನೆ ಕೂರುವುದು ನಮ್ಮ ಕರಾವಳಿಯವರಿಗೆ ಬರಬೇಕಲ್ಲ!

ಜೆರಾಲ್ಡ್ ಎಂಬ ಗೆಳೆಯನಿದ್ದ. ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಕೆಲಸ. ಕರಾವಳಿಯವರ ಸಂಘಕ್ಕೆ ಕಾರ್ಯದರ್ಶಿ. ಮೈಕು ಸಿಕ್ಕಿದರೆ ಬಿಡುವವನಲ್ಲ. ಕುಶಲ ಸಂತೋಷ ತಡೆಯಲಾರದೆ ಅವನಿಗೆ ವಿಷಯ ಹೇಳಿದ.

"ಇಷ್ಟು ದೊಡ್ಡ ಉಪಕಾರ ಮಾಡುವವನಿಗೆ ಬರೀ ಥ್ಯಾಂಕ್ಸ್ ಹೇಳುದಾ ಮಾರಾಯ? ಒಂದು ಸನ್ಮಾನ ಇಡುವ" ಎಂದ ಜೆರಾಲ್ಡ್.

"ಸಹಿ ಆದ ಮೇಲೆ ಸಾಕಲ್ಲವಾ?"

"ಸಹಿ ಆದ ಮೇಲೆ ಮಾಡಿದ್ರೆ ಜನ ಎಂತ ಹೇಳ್ತಾರೆ? ಕೆಲಸ ಮಾಡಿಸಿಕೊಂಡು ಶಾಲು ಹೊದಿಸಿದ ಅಂತ. ಮೊದಲೇ ಮಾಡಿದ್ರೆ ಅದು ಗೌರವ. ಎಂಟನೇ ತಾರೀಕು ನಮ್ಮ ವಾರ್ಷಿಕೋತ್ಸವ ಉಂಟು, ಸನ್ಮಾನಕ್ಕೆ ಒಬ್ರು ಕಡಿಮೆ ಇದ್ದಾರೆ. ನಿನ್ನ ಚೇರ್‌ಮನ್‌ನನ್ನು ಮುಖ್ಯ ಅತಿಥಿ ಮಾಡುವ. ಅವರಿಗೂ ಖುಷಿ ಆಗ್ತದೆ."

ಒಬ್ಬರು ಕಡಿಮೆ ಇದ್ದಾರೆ! ನಿಜವಾದ ಕಾರಣ ಅದು. ನಮ್ಮವರಿಗೆ ಸನ್ಮಾನಕ್ಕೆ ಇಂಥದ್ದೇ ಸಂದರ್ಭ ಆಗಬೇಕೆಂದಿಲ್ಲ. ಗಲ್ಫಿನಲ್ಲಿ ಇಪ್ಪತ್ತೈದು ವರ್ಷ ಕಳೆದರೆ ಸನ್ಮಾನ, ಮಗಳು ಭರತನಾಟ್ಯ ಕಲಿತರೆ ಅಪ್ಪನಿಗೆ ಸನ್ಮಾನ, ಸನ್ಮಾನ ಮಾಡಲು ಬಂದವನಿಗೂ ಹೋಗುವಾಗ ಒಂದು ಸನ್ಮಾನ. ಶಾಲು, ಹಣ್ಣುಹಂಪಲು, ಸ್ಮರಣಿಕೆ ಮೂರೂ ಸಂಘದ ಕಪಾಟಿನಲ್ಲಿ ಸದಾ ತಯಾರಿರುತ್ತವೆ. ಆ ವರ್ಷದ ಸ್ಮರಣಿಕೆ ಏನು ಗೊತ್ತೇ? ಯಕ್ಷಗಾನದ ಕಿರೀಟದ ಚಿತ್ರವಿದ್ದ ಗೋಡೆ ಗಡಿಯಾರ.

ಆರು ಗಡಿಯಾರ ಹೊತ್ತು ತಂದ ಮನುಷ್ಯ ಏಳನೆಯದನ್ನು ಕಂಡಾಗಲಾದರೂ ಬೆಚ್ಚಿಬೀಳಬೇಡವೇ? ಇಲ್ಲ. ಕಾಲೇಜಿನ ಗಡಿಯಾರ ಬೇರೆ, ಸಂಘದ ಗಡಿಯಾರ ಬೇರೆ. ಒಂದು ಹೊರಗೆ ಹಾಕುವುದಕ್ಕೆ, ಒಂದು ಹೊಗಳುವುದಕ್ಕೆ. ಅವನ ತಲೆಯಲ್ಲಿ ಇವೆರಡೂ ಒಂದಕ್ಕೊಂದು ಭೇಟಿಯಾಗಲೇ ಇಲ್ಲ. ಅವನೇ ಸ್ವತಃ ಹೋಗಿ ಸೇಬು, ದ್ರಾಕ್ಷಿ, ಅನಾನಸು ತಂದು ಬುಟ್ಟಿ ಕಟ್ಟಿದ.

ಎಂಟನೇ ತಾರೀಕು ಶುಕ್ರವಾರ. ಮನಾಮಾದ ಹಾಲಿನಲ್ಲಿ ಮುನ್ನೂರು ಜನ. ಎರಿಕ್‌ಗೆ ಫುಟ್‌ಬಾಲ್ ತಂಡಕ್ಕೆ ಒಂದು ಊಟ ಎಂದಷ್ಟೇ ಹೇಳಿ ಕರೆತಂದಿದ್ದರು. ಸನ್ಮಾನವನ್ನು ಅಚ್ಚರಿಯಾಗಿಡಬೇಕೆಂಬುದು ಜೆರಾಲ್ಡನ ಆಸೆ. ಅವನನ್ನು ವೇದಿಕೆಗೆ ಕರೆದು, ದೊಡ್ಡ ಕುರ್ಚಿಯಲ್ಲಿ ಕೂರಿಸಿ, ತಲೆಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಮಡಿಲಿಗೆ ಹಣ್ಣಿನ ಬುಟ್ಟಿ ಇಟ್ಟರು. ಜೆರಾಲ್ಡ್ ಇಂಗ್ಲಿಷಿನಲ್ಲಿ ಅವನ ಗುಣಗಾನ ಮಾಡಿದ. ಅವರಂಥವರನ್ನು ಕಾಣುವುದು ಕಷ್ಟ, ಅವರ ಸೇವೆಯನ್ನು ನಾವು ಎಂದಿಗೂ ಮರೆಯಲಾರೆವು, ಅವರ ನೆನಪು ಸದಾ ಹಸಿರು. ನಮ್ಮ ಸನ್ಮಾನದ ಭಾಷಣ ಕೇಳಿದರೆ ಬದುಕಿರುವವನೂ ಒಮ್ಮೆ ಮೈ ಮುಟ್ಟಿ ನೋಡಿಕೊಳ್ಳಬೇಕು. ಕೊನೆಗೆ ಚೇರ್‌ಮನ್ನರ ಕೈಗೆ ಆ ಗಡಿಯಾರ ಕೊಟ್ಟು, ನೀವೇ ಒಪ್ಪಿಸಬೇಕು ಎಂದರು.

ಚೇರ್‌ಮನ್ನರು ಗಡಿಯಾರ ನೋಡಿದರು, ಬುಟ್ಟಿ ನೋಡಿದರು. ಅವರ ಹುಬ್ಬು ಮೇಲೆ ಹೋದದ್ದನ್ನು ಕುಶಲ ಹಾಲಿನ ಹಿಂದೆ ಪಾಯಸದ ಲೋಟ ಹಿಡಿದು ನಿಂತಲ್ಲಿಂದ ಕಂಡ. ಕೋಚ್ ಬಿಟ್ಟು ಹೋಗುತ್ತಿದ್ದಾನೆ, ಎಲ್ಲರಿಗೂ ಗೊತ್ತಿದೆ, ನನಗೊಬ್ಬನಿಗೆ ಹೇಳಿಲ್ಲ ಎಂದು ಅವರು ತಿಳಿದುಕೊಂಡರು. ದೊಡ್ಡ ಮನುಷ್ಯರು, ಮುನ್ನೂರು ಜನರ ಮುಂದೆ ಗೊತ್ತಿಲ್ಲವೆಂದು ತೋರಿಸಿಕೊಳ್ಳಲಾಗುತ್ತದೆಯೇ? ಗಂಟಲು ಸರಿಮಾಡಿಕೊಂಡು, "ಎರಿಕ್ ನಮ್ಮ ಕಾಲೇಜಿಗೆ ಮಾಡಿದ ಕೆಲಸಕ್ಕೆ ಧನ್ಯವಾದ. ಅವರ ಮುಂದಿನ ದಿನಗಳು ಸುಖವಾಗಿರಲಿ" ಎಂದು ಗಡಿಯಾರ ಕೊಟ್ಟರು. ಎರಿಕ್‌ನ ಮುಖ ಬಿಳಿಚಿಕೊಂಡಿತು. ಕಾಲೇಜಿನ ಗಡಿಯಾರದ ಕಥೆ ಅವನು ಹುಡುಗರ ಬಾಯಿಂದ ಕೇಳಿದ್ದ. ಅವನು ಎದ್ದು ಕೈಕುಲುಕಿದ. ಸಭೆ ಚಪ್ಪಾಳೆ ತಟ್ಟಿತು. ಕುಶಲನೂ ಲೋಟ ಪಕ್ಕಕ್ಕಿಟ್ಟು ತಟ್ಟಿದ, ದೇವರೇ, ಕೈ ನೋಯುವಷ್ಟು ತಟ್ಟಿದ!

ಶನಿವಾರ ಬೆಳಿಗ್ಗೆ ಎರಿಕ್‌ನ ರಾಜೀನಾಮೆ ಚೇರ್‌ಮನ್ನರ ಮೇಜಿನ ಮೇಲಿತ್ತು. ವಿಷಯ ತಂದವನು ಅಝೀಝ್. ಅವನು ಕಾಲೇಜಿನ ಮಂದೂಬ್, ಅಂದರೆ ವೀಸಾ ಕಾಗದಗಳನ್ನು ಸರಕಾರಿ ಆಫೀಸುಗಳಿಗೆ ಹೊತ್ತು ತಿರುಗುವವನು. ಅಲ್ಲಿಯವನೇ ಆದರೂ ಕುಶಲನ ಜೊತೆ ಹಿಂದಿಯಲ್ಲೇ ಮಾತಾಡುತ್ತಿದ್ದ. "ಕ್ಯಾ ಕಿಯಾ ತುಮ್ನೆ ಭಾಯಿ? ಶಾಲ್ ಡಾಲ್ ಕೆ ಆದ್ಮಿ ಕೋ ಭಗಾ ದಿಯಾ?" ಎಂದು, ಶಾಲು ಹೊದಿಸಿ ಮನುಷ್ಯನನ್ನೇ ಓಡಿಸಿಬಿಟ್ಟೆಯಲ್ಲ ಎಂಬಂತೆ ಕೇಳಿದ. ಆಗ ಕುಶಲನಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಅವನು ಪೈಪನ್ನು ನೀರು ಬರುತ್ತಿದ್ದ ಹಾಗೆಯೇ ಬಿಸಾಡಿ ಓಡಿದ.

ಚೇರ್‌ಮನ್ನರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅಂದರೆ ಅದು ಬೀಳ್ಕೊಡುಗೆ ಅಲ್ಲವೇ?" ಎಂದರು.

"ಅಲ್ಲ ಸರ್. ನಮ್ಮ ಕಡೆ ಖುಷಿಗೆ ಹಾಗೆ ಮಾಡುವುದು."

"ವಿಚಿತ್ರ ಜನ ನೀವು. ಈಗ ನಾನು ಹೊಸ ಕೋಚಿಗೆ ಫ್ಯಾಕ್ಸ್ ಕಳಿಸಿಯಾಗಿದೆ. ಇರಲಿ ಬಿಡು, ಡಿಸೆಂಬರಿನೊಳಗೆ ಹೇಗೂ ಹೋಗಬೇಕಾದವನು, ಈಗಲೇ ಹೋಗಲಿ."

"ಗೆದ್ದಿದ್ದೇವಲ್ಲ ಸರ್!"

"ಗೆದ್ದಾಗ ಹೋದರೆ ಅವನಿಗೂ ಒಳ್ಳೆಯ ಹೆಸರು" ಎಂದು ಚೇರ್‌ಮನ್ನರು ಫೋನು ಎತ್ತಿಕೊಂಡರು.

ಸೋತರೆ ಸೋತದ್ದಕ್ಕೆ ಹೋಗಬೇಕು, ಗೆದ್ದರೆ ಗೆದ್ದದ್ದಕ್ಕೆ ಹೋಗಬೇಕು. ಕುಶಲ ಬಿಸಿಲಿನಲ್ಲಿ ನಡೆದುಕೊಂಡೇ ಎರಿಕ್‌ನ ಫ್ಲ್ಯಾಟಿಗೆ ಹೋದ. ದಾರಿಯುದ್ದಕ್ಕೂ ಜೆರಾಲ್ಡನಿಗೆ ಬೈದ, ಸಂಘಕ್ಕೆ ಬೈದ, ಯಕ್ಷಗಾನದ ಕಿರೀಟಕ್ಕೂ ಬೈದ, ಕೊನೆಗೆ ಎಲ್ಲರಿಗಿಂತ ಹೆಚ್ಚಾಗಿ 'ಒಬ್ಬರು ಕಡಿಮೆ' ಇದ್ದಾಗ ಹೂಂ ಎಂದ ತನಗೇ ಬೈದುಕೊಂಡ.

ಅಂಗಿಗಳು ಕಪಾಟಿನಿಂದ ಇಳಿದಿದ್ದವು. ಎರಡೂ ಸೂಟ್‌ಕೇಸು ತುಂಬಿದ್ದವು. ಬೆಳಿಗ್ಗೆಯೇ ದೋಹಾದ ಒಂದು ಕ್ಲಬ್ಬಿಗೆ ಫೋನ್ ಮಾಡಿ ಬರುತ್ತೇನೆ ಎಂದಾಗಿದೆ ಎಂದ ಎರಿಕ್. ಕುಶಲ ನಿಂತಲ್ಲೇ ಎಲ್ಲ ಹೇಳಿದ. ನಮ್ಮೂರಿನಲ್ಲಿ ಶಾಲು ಹೊದಿಸುವುದು ಹೋಗುವವರಿಗಲ್ಲ, ನೀವು ಇಲ್ಲಿರುವುದು ನಮಗೆ ಸಂತೋಷ ಎಂದು ಹೇಳುವುದಕ್ಕೆ. ತಪ್ಪು ನನ್ನದು, ಕ್ಷಮಿಸಿ ಎಂದ.

ಎರಿಕ್ ಸೂಟ್‌ಕೇಸಿನ ಮೇಲೆ ಕೂತುಬಿಟ್ಟ. "ಹಾಗಾದರೆ ನಿನ್ನೆ ಯಾರೂ ನನ್ನನ್ನು ಕೆಲಸದಿಂದ ತೆಗೆದಿರಲಿಲ್ಲ?"

"ಇಲ್ಲ ಸರ್."

"ಮೂವತ್ತು ವರ್ಷದಿಂದ ಕೋಚ್ ಆಗಿದ್ದೇನೆ ಕುಶಲ್. ಹೋಗುವ ದಿನ ಬಿಟ್ಟು ಬೇರೆ ದಿನ ನನಗೆ ಯಾರೂ ಏನೂ ಕೊಟ್ಟದ್ದಿಲ್ಲ. ನನಗೆ ಹೇಗೆ ಗೊತ್ತಾಗಬೇಕು?"

ಎರಿಕ್ ಎದ್ದು, ಫಾರಂ ಎಲ್ಲಿದೆ ಎಂದು ಕೇಳಿ, ಕುಶಲ ಜೇಬಿನಿಂದ ತೆಗೆದುಕೊಟ್ಟದ್ದಕ್ಕೆ ಕೂಡಲೇ ಸಹಿ ಹಾಕಿದ. ಗಡಿಯಾರವನ್ನು ಅವನು ಗೋಡೆಯ ಬದಿಗೆ ಬಿಟ್ಟಿದ್ದ. ಶಾಲನ್ನು ಮಾತ್ರ ಅಂಗಿಗಳ ಮೇಲೆ ಜೋಪಾನವಾಗಿ ಮಡಚಿಟ್ಟಿದ್ದ.

ಕುಶಲ ಫಾರಂ ಹಿಡಿದು ಕಾಲೇಜಿನ ಆಫೀಸಿಗೆ ಬಂದ. ಅಲ್ಲಿ ಕಡತ ನೋಡಿಕೊಳ್ಳುವವಳು ರೋಜಿ, ಬಜಪೆಯ ಕಡೆಯವಳು. ಅವಳು ತಾರೀಕು ನೋಡಿ ಫಾರಮನ್ನು ಮೆಲ್ಲನೆ ಹಿಂದಕ್ಕೆ ದೂಡಿದಳು. "ಇವತ್ತು ಒಂಬತ್ತು. ಸೀಸನ್ ಮುಗಿಯುದು ಇಪ್ಪತ್ತಕ್ಕೆ. ಹನ್ನೊಂದು ದಿನ ಕಡಿಮೆ ಉಂಟು ಕುಶಲಣ್ಣ. ನನಗೆ ಬೇಜಾರಿಲ್ಲವಾ? ಆದ್ರೆ ನಾನು ಎಂತ ಮಾಡ್ಲಿ?"

ಆರು ವರ್ಷ ಕಾದವನಿಗೆ ಹನ್ನೊಂದು ದಿನ! ಆ ವಾರ ಅವನು ಮನೆಗೆ ಫೋನ್ ಮಾಡಲಿಲ್ಲ. ಏನೆಂದು ಹೇಳುವುದು, ಫೋಟೊ ತೆಗೆಸಿದ್ದನ್ನು ಹರಿದುಹಾಕು ಎಂದೇ?

ಚೇರ್‌ಮನ್ನರ ಕಾರು ಭಾನುವಾರ ಮೈದಾನದ ಬಳಿ ನಿಂತಿತು. ಕಿಟಕಿ ಇಳಿಯಿತು. "ಉಳಿದದ್ದು ಒಂದೇ ಪಂದ್ಯ. ಹೊಸಬ ಸೆಪ್ಟೆಂಬರಿನಲ್ಲಿ ಬರುತ್ತಾನೆ. ಅಲ್ಲಿಯವರೆಗೆ, ಕುಶಲ್, ಸ್ವಲ್ಪ ನೋಡಿಕೋ."

ಆರು ಸಲ ತಲೆಯಾಡಿಸಿದ ಕುಶಲ ಏಳನೆಯ ಸಲ ತಲೆಯಾಡಿಸಲಿಲ್ಲ. "ಕಾಗದದಲ್ಲಿ ಕೊಡಿ ಸರ್" ಎಂದ. ಅದು ಜಾಣತನ ಎಂದು ಯಾರೂ ತಿಳಿಯಬಾರದು, ಬರೀ ಸಿಟ್ಟು. ಆರು ವರ್ಷದಲ್ಲಿ ಒಮ್ಮೆಯಾದರೂ ಹೆಡ್ ಕೋಚ್ ಎಂದು ತನ್ನ ಹೆಸರಿನ ಮುಂದೆ ಬರೆದದ್ದನ್ನು ಕಣ್ಣಲ್ಲಿ ನೋಡಬೇಕೆಂಬ ಹಠ. ಚೇರ್‌ಮನ್ನರಿಗೂ ಸನ್ಮಾನದ ವಿಷಯದಲ್ಲಿ ಒಳಗೊಳಗೆ ಮುಜುಗರವಿತ್ತೋ ಏನೋ, ಮರುದಿನ ಪತ್ರ ಬಂತು: ಹೊಸ ನೇಮಕದವರೆಗೆ ಕುಶಲ ಕರ್ಕೇರ, ಹೆಡ್ ಕೋಚ್.

ಇಪ್ಪತ್ತಕ್ಕೆ ಕೊನೆಯ ಪಂದ್ಯ ಸೊನ್ನೆ ಸೊನ್ನೆಯಲ್ಲಿ ಮುಗಿಯಿತು. ಹುಡುಗರು ಹೋದ ಮೇಲೆ ಕುಶಲ ಹುಲ್ಲಿಗೆ ನೀರು ಬಿಟ್ಟು ಮೆಟ್ಟಿಲ ಮೇಲೆ ಕೂತ. ಚೀಲದಲ್ಲಿ ಆ ಪತ್ರವೂ ಇತ್ತು, ಬೇಡವಾದ ಫಾರಮೂ ಇತ್ತು. ಅದನ್ನು ಒಮ್ಮೆ ಓದಿದ, ಇದನ್ನು ಒಮ್ಮೆ ಓದಿದ. ಸೀಸನ್ ಮುಗಿದ ದಿನ ಹೆಡ್ ಕೋಚ್ ಯಾರು? ಕುಶಲ ಕರ್ಕೇರ. ಈ ನೌಕರನ ಕೆಲಸವನ್ನು ಇಡೀ ಸೀಸನ್ ಕಣ್ಣಾರೆ ಕಂಡವನು ಯಾರು? ಹಿಂದಿನ ಆರು ಸಲವೂ ಬಾಯಿಮಾತಿನಲ್ಲಿ ನೋಡಿಕೊಂಡು, ಸೀಸನ್ ಮುಗಿಯುವ ಮೊದಲೇ ಬಿಟ್ಟುಕೊಟ್ಟವನು, ಇದೊಂದು ಸಲ ಕೊನೆಯ ದಿನ ಕಾಗದದ ಸಮೇತ ಕೂತಿದ್ದ. ಅವನು ಎದ್ದ ರಭಸಕ್ಕೆ ಮೊಣಕಾಲು ಹಳೆಯ ನೋವನ್ನು ನೆನಪಿಸಿತು.

ಆಫೀಸಿನ ಬಾಗಿಲು ಹಾಕುತ್ತಿದ್ದ ರೋಜಿಯನ್ನು ನಿಲ್ಲಿಸಿ ಹೊಸ ಫಾರಂ ಕೇಳಿ ಪಡೆದು ತುಂಬಿಸಿದ. ನೌಕರನ ಬಗ್ಗೆ ಹೆಡ್ ಕೋಚಿನ ಅಭಿಪ್ರಾಯ ಎಂಬಲ್ಲಿ ಬರೆದ: "ಇವನನ್ನು ಆರು ಸೀಸನ್ನಿನಿಂದ ಬಹಳ ಹತ್ತಿರದಿಂದ ನೋಡಿದ್ದೇನೆ. ಕೆಲಸದಲ್ಲಿ ಮೋಸವಿಲ್ಲ. ಇವನ ಹೆಂಡತಿ ಮಗಳು ಬಹಳ ಕಾಲದಿಂದ ಕಾಯುತ್ತಿದ್ದಾರೆ." ಕೆಳಗೆ ಸಹಿ ಹಾಕಿದ.

ರೋಜಿ ಎರಡೂ ಷರತ್ತನ್ನು ಬೆರಳಿಟ್ಟು ಓದಿದಳು. ಪತ್ರ ಓದಿದಳು. ತಾರೀಕು ನೋಡಿದಳು. "ತನಗೆ ತಾನೇ ಸಹಿ ಹಾಕ್ಬಾರ್ದು ಅಂತ ಇದ್ರಲ್ಲಿ ಎಲ್ಲಿಯೂ ಇಲ್ಲ ಕುಶಲಣ್ಣ" ಎಂದವಳೇ ಠಪ್ಪೆಂದು ಮೊಹರು ಒತ್ತಿದಳು. ಕಾಲೇಜಿನ ಮೊಹರು ಅಷ್ಟು ಜೋರಾಗಿ ಹಿಂದೆಂದೂ ಬಿದ್ದಿರಲಿಕ್ಕಿಲ್ಲ.

ಮರುದಿನ ಅಝೀಝ್ ಕಾಗದ ಒಯ್ಯುವಾಗ ಕಣ್ಣು ಮಿಟುಕಿಸಿ ಕೇಳಿದ. ಪೆನ್ನು ನಿನ್ನ ಕೈಯಲ್ಲೇ ಇತ್ತಲ್ಲ, ಅಸಿಸ್ಟೆಂಟ್ ಎಂದೇಕೆ ಬರೆದೆ, ಹೆಡ್ ಕೋಚ್ ಎಂದೇ ಬರೆಯಬಹುದಿತ್ತಲ್ಲ ಎಂದು.

"ಹೆಡ್ ಕೋಚ್ ಅಂತ ಬರೆದರೆ ಹೆಂಡತಿ ಇಲ್ಲಿ ಇಳಿಯುವಷ್ಟರಲ್ಲಿ ನಾನು ಅಲ್ಲಿ ಇಳಿದಿರ್ತೇನೆ" ಎಂದು ಕುಶಲ ಹಿಂದಿಯಲ್ಲಿ ಹೇಳಿದ. ಅಝೀಝ್ ನಕ್ಕ ನಗು ಗೇಟಿನವರೆಗೂ ಕೇಳಿಸಿತು.

ಕಾರ್ಡು ಬದಲಾಯಿತು. ಜುಲೈಯಲ್ಲಿ ಫ್ಯಾಮಿಲಿ ವೀಸಾ ಬಂತು. ಆ ಶುಕ್ರವಾರ ಫೋನಿನ ಕಾರ್ಡಿನಲ್ಲಿ ಒಂದೇ ನಿಮಿಷ ಉಳಿದಿತ್ತು. ಕುಶಲ ಒಂದೇ ಉಸಿರಿಗೆ, "ಎರಿಕ್ ಸಾಹೇಬ್ರಿಗೆ ಸನ್ಮಾನ ಮಾಡಿದೆವು, ಅದರಿಂದ ಭಾರೀ ರಗಳೆ ಆಯ್ತು, ವೀಸಾ ಬಂತು, ಹೊರಡು ಮಾರಾಯ್ತಿ" ಎಂದ. ಲೈನು ಕಡಿಯಿತು. ಆಮೇಲಿನ ಶುಕ್ರವಾರಗಳೆಲ್ಲ ಟಿಕೆಟು, ಸಾಮಾನಿನ ಮಾತಿನಲ್ಲೇ ಕಳೆದವು.

ಸೆಪ್ಟೆಂಬರಿನ ಮೊದಲ ವಾರ ಬೊಂಬಾಯಿಯ ವಿಮಾನ ಇಳಿಯಿತು. ಉಷಾಲತಾ ಗಾಡಿ ತಳ್ಳಿಕೊಂಡು ಹೊರಬಂದಳು, ಬದಿಯಲ್ಲಿ ತೃಷಾ ಮುಂದಿನ ಎರಡು ಹಲ್ಲಿಲ್ಲದೆ ನಗುತ್ತಿದ್ದಳು. ಕುಶಲ ಮಗಳನ್ನು ಎತ್ತಿಕೊಂಡ. ಎಷ್ಟು ಭಾರವಾಗಿದ್ದಾಳೆ ಎಂದು ಅವನಿಗೆ ಆಶ್ಚರ್ಯವಾಯಿತು.

ಉಷಾಲತಾ ಕಣ್ಣೊರೆಸಿಕೊಂಡು, ಕೈಚೀಲದ ಜಿಪ್ಪು ಎಳೆದು ಒಂದು ಪೊಟ್ಟಣ ತೆಗೆದಳು. ಒಳಗೆ ಜರಿಯಂಚಿನ ಶಾಲು. "ಹೊಸ ಕೋಚ್ ಸಾಹೇಬ್ರು ಈ ವಾರವೇ ಬರುದಲ್ಲವಾ? ಇದು ಅವರಿಗೆ. ಸನ್ಮಾನ ಮಾಡಿದ್ದಕ್ಕೇ ಅಲ್ಲವಾ ನಮಗೆ ವೀಸಾ ಆದದ್ದು? ಇವರಿಗೂ ಮೊದಲೇ ಒಂದು ಮಾಡಿಬಿಡುವ."

"ಒಳಗೆ ಇಡು! ಒಳಗೆ ಇಡು ಅದನ್ನು!" ಎಂದು ಕುಶಲ ಕೂಗಿದ ಹೊಡೆತಕ್ಕೆ ಸುತ್ತಲಿನವರು ತಿರುಗಿ ನೋಡಿದರು. ಉಷಾಲತಾಳ ಮುಖ ಸಪ್ಪಗಾಯಿತು. ಏಸಿಯ ಚಳಿಗೆ ಅವಳು ನಡುಗುತ್ತಿದ್ದಳು. ಅವಳನ್ನು ಹಾಗೆ ನೋಡುತ್ತಾ ಕುಶಲನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೋಗುವ ದಿನ ಬಿಟ್ಟು ಬೇರೆ ದಿನ ಯಾರೂ ಏನೂ ಕೊಟ್ಟದ್ದಿಲ್ಲ ಎಂದ ಎರಿಕ್ ನೆನಪಾದ. ಮಗಳನ್ನು ಕೆಳಗಿಳಿಸಿ, ಶಾಲು ಬಿಡಿಸಿ ಹೆಂಡತಿಯ ಹೆಗಲಿಗೆ ಹೊದಿಸಿದ.

"ಎಂತ ಮಾಡ್ತಿದ್ದೀರಿ, ಜನ ನೋಡ್ತಾರೆ" ಎಂದಳು ಉಷಾಲತಾ, ಶಾಲು ಮಾತ್ರ ತೆಗೆಯಲಿಲ್ಲ.

ಕಾರು ನಿಲ್ಲಿಸಿ ಒಳಗೆ ಬಂದ ಅಝೀಝ್ ದೂರದಿಂದ ಇದನ್ನು ಕಂಡು ಗಾಬರಿಯಾಗಿ ಓಡಿಬಂದ. "ಯಾ ಅಲ್ಲಾ! ಕ್ಯಾ ಹುವಾ ಭಾಯಿ? ಭಾಭಿ ಅಭೀ ಆಯೀ, ಅಭೀ ವಾಪಸ್?" ಅತ್ತಿಗೆ ಈಗಷ್ಟೇ ಬಂದು ಈಗಲೇ ವಾಪಸ್ಸಾ ಎಂದು ಅವನ ದಿಗಿಲು.

"ನಹೀಂ ಭಾಯಿ" ಎಂದ ಕುಶಲ. "ಯೇ ರಹೇಗಿ. ಇವಳು ಇಲ್ಲೇ ಇರುವವಳು."